ಕಪ್ಪೆಯ ಮಿದುಳಿನಲ್ಲಿ ಒಂದು ಕಡಿವಾಣ

ಕುದುರೆಯ ಸವಾರನಿಗೆ ಚಾವಟಿ ಎಷ್ಟು ಅಗತ್ಯವೋ ಕಡಿವಾಣವೂ ಅಷ್ಟೇ ಅಗತ್ಯ. ಸವಾರಿಯನ್ನು ಬಲ್ಲವರನ್ನು ಕೇಳಿದರೆ, ಚಾವಟಿಯಿಲ್ಲದೆ ದಾರಿ ಸಾಗಬಹುದು, ಕಡಿವಾಣವಿಲ್ಲದೆ ಸಾಗದು ಎಂದೇ ಹೇಳಿಯಾರು. ಆದರೆ ಪ್ರಾಣಿಶರೀರದ ಆಡಳಿತವನ್ನು ಕುರಿತು ಯೋಚಿಸುವಾಗ ನಾವು ಈ ಸಾಮಾನ್ಯ ವಿವೇಕವನ್ನು ಮರೆತುಬಿಡುತ್ತೇವೆ. ಮಿದುಳು ಆಜ್ಞೆಯನ್ನು ಹೊರಡಿಸುತ್ತದೆ. ನರವು ಅದನ್ನು ಹೊತ್ತೊಯ್ಯುತ್ತದೆ. ಆಜ್ಞೆ ತಲುಪಿದೊಡನೆ ಸ್ನಾಯು ಸಂಕುಚಿಸುತ್ತದೆ, ಗ್ರಂಥಿ ಸ್ರವಿಸುತ್ತದೆ. ಪಠ್ಯಪುಸ್ತಕದ ಚಿತ್ರಗಳಲ್ಲಿ ಬಾಣಗಳೆಲ್ಲವೂ ಹೀಗೆ ಮುಂದಕ್ಕೆ ದೂಡುವ ಬಾಣಗಳೇ. ಇದು ಅರ್ಧ ಸತ್ಯ. ಉಳಿದ ಅರ್ಧವನ್ನು ಕಲಿಸದಿದ್ದರೆ ವಿದ್ಯಾರ್ಥಿಯ ವಿಚಾರಶಕ್ತಿಯೇ ಒಂದು ಕಡೆಗೆ ವಾಲುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ತೋರಿಸಿಕೊಡಲು ಕಪ್ಪೆಯ ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ಮತ್ತು ಅದಕ್ಕೆ ಬರುವ ನರಗಳಿಗಿಂತ ಒಳ್ಳೆಯ ನಿದರ್ಶನವನ್ನು ನಾನರಿಯೆ.

ಭೌತಶಾಸ್ತ್ರದ ಅಧ್ಯಾಪಕನಿಗೆ ಕಪ್ಪೆಯ ಗೊಡವೆಯೇಕೆ ಎಂದು ಕೆಲವರು ಕೇಳಬಹುದು. ಬೆಳಕು, ಬಣ್ಣ, ಯಂತ್ರದ ನಿಯಂತ್ರಣ ಈ ಮೂರೂ ನಮ್ಮ ಶಾಸ್ತ್ರಕ್ಕೆ ಸೇರಿದ ವಿಷಯಗಳೇ. ಅವುಗಳಿಗಿಂತ ಮುಖ್ಯವಾಗಿ, ಒಂದು ಪ್ರಯೋಗದಿಂದ ಯಾವ ತೀರ್ಮಾನಕ್ಕೆ ಬರಬಹುದು, ಯಾವುದಕ್ಕೆ ಬರಬಾರದು ಎಂಬ ವಿವೇಚನೆ ಎಲ್ಲ ಶಾಸ್ತ್ರಗಳ ಸಮಾನ ಆಸ್ತಿ. ತನ್ನ ಶಾಸ್ತ್ರದ ಬಾವಿಯಿಂದ ಹೊರಗೆ ಇಣುಕದ ವಿದ್ಯಾವಂತನೂ ಕೂಪಮಂಡೂಕವೇ ಸರಿ.

ಮೊದಲು ಕಪ್ಪೆಯ ಬಣ್ಣದ ವಿಚಾರ. ಮಳೆಗಾಲದಲ್ಲಿ ಬಚ್ಚಲಿಗೂ ಹಿತ್ತಿಲಿಗೂ ಬರುವ ಮರಗಪ್ಪೆಯನ್ನು ಗಮನಿಸಿದವರಿಗೆ ಅದರ ಮೈಬಣ್ಣ ಸದಾ ಒಂದೇ ತೆರನಾಗಿ ಇರುವುದಿಲ್ಲವೆಂಬುದು ಗೊತ್ತು. ಒಮ್ಮೆ ಕಂದು, ಒಮ್ಮೆ ಸುಣ್ಣದ ಗೋಡೆಯಂತೆ ಮಂಕು ಬಿಳುಪು. ದಕ್ಷಿಣ ಆಫ್ರಿಕದಲ್ಲಿ ಸದಾ ನೀರಿನಲ್ಲೇ ಬಾಳುವ ಒಂದು ಉಗುರುಗಪ್ಪೆಯಿದೆ. ಅದರ ಶಾಸ್ತ್ರೀಯ ನಾಮ ಕ್ಸೆನೋಪಸ್. ಪ್ರಯೋಗಶಾಲೆಗಳಲ್ಲಿ ಇದು ಅಚ್ಚುಮೆಚ್ಚಿನ ಪ್ರಾಣಿ. ಕರಿಯ ತೊಟ್ಟಿಯಲ್ಲಿಟ್ಟರೆ ಇದು ಕಪ್ಪಾಗುತ್ತದೆ. ಬಿಳಿಯ ತೊಟ್ಟಿಯಲ್ಲಿಟ್ಟರೆ ಬಿಳಿಚಿಕೊಳ್ಳುತ್ತದೆ. ಶತ್ರುವಿನ ಕಣ್ಣು ತಪ್ಪಿಸಲು ಇದು ಉಪಾಯ. ಆದರೆ ಇದಕ್ಕೆ ಕಪ್ಪೆಯ ಸ್ವಂತ ಕಣ್ಣು ಬೇಕು. ದೃಷ್ಟಿಯಿಲ್ಲದ ಕಪ್ಪೆ ನೆಲದ ಬಣ್ಣಕ್ಕೆ ತಕ್ಕಂತೆ ಮೈಯನ್ನು ಹೊಂದಿಸಿಕೊಳ್ಳಲಾರದು. ಆದ್ದರಿಂದ ಕಣ್ಣಿನಿಂದ ಚರ್ಮದವರೆಗೆ ಯಾವುದೋ ಒಂದು ಸಂದೇಶಮಾರ್ಗ ಇರಲೇಬೇಕು.

ಚರ್ಮದಲ್ಲಿ ನಡೆಯುವುದೇನೆಂಬುದು ಸರಳ. ಅಲ್ಲಿನ ವರ್ಣಕೋಶಗಳಲ್ಲಿ ಮೆಲನಿನ್ ಎಂಬ ಕಪ್ಪು ದ್ರವ್ಯದ ಸೂಕ್ಷ್ಮ ಕಣಗಳಿವೆ. ಕಣಗಳು ಕೋಶದ ನಡುವೆ ಗುಂಪುಗೂಡಿದಾಗ ಚರ್ಮ ಬಿಳಿಚಾಗಿ ಕಾಣುತ್ತದೆ. ಕೋಶದ ಕೊಂಬೆಗಳಿಗೆಲ್ಲ ಹರಡಿಕೊಂಡಾಗ ಕಪ್ಪಾಗಿ ಕಾಣುತ್ತದೆ. ಬಿಳಿಯ ತಟ್ಟೆಯ ಮೇಲೆ ಒಂದು ತೊಟ್ಟು ಮಸಿ ಬಿದ್ದಾಗ ತಟ್ಟೆ ಬಿಳಿಯದಾಗಿಯೇ ಕಾಣುತ್ತದೆ. ಅದೇ ತೊಟ್ಟನ್ನು ಬೆರಳಿನಿಂದ ಸವರಿದರೆ ತಟ್ಟೆಯೆಲ್ಲ ಮಸುಕಾಗುತ್ತದೆ. ಮಸಿಯ ಪ್ರಮಾಣ ಹೆಚ್ಚಲಿಲ್ಲ. ಅದು ಬೆಳಕನ್ನು ಹೀರುವ ಕ್ಷೇತ್ರಫಲ ಹೆಚ್ಚಿತು. ಕಪ್ಪೆಯ ಚರ್ಮವೂ ಇದೇ ತತ್ತ್ವವನ್ನು ಬಳಸಿಕೊಳ್ಳುತ್ತದೆ.

ಈ ಕಣಗಳನ್ನು ಹರಡುವ ಸಂದೇಶ ಎಲ್ಲಿಂದ ಬರುತ್ತದೆ? ೧೯೧೬ರಲ್ಲಿ ಅಮೆರಿಕದ ಫಿಲಿಪ್ ಸ್ಮಿತ್ ಮತ್ತು ಬೆನೆಟ್ ಆಲನ್ ಎಂಬ ಇಬ್ಬರು ವಿಜ್ಞಾನಿಗಳು, ಬೇರೆ ಬೇರೆಯಾಗಿ ದುಡಿದು, ಗೊದಮೊಟ್ಟೆಗಳಿಂದ ಪಿಟ್ಯುಟರಿಯ ಮೊಳಕೆಯನ್ನು ತೆಗೆದುಹಾಕಿದರು. ಆ ಮರಿಗಳು ಬೆಳ್ಳಿಯಂತೆ ಬಿಳಿಚಿಕೊಂಡವು. ರೂಪಾಂತರ ಹೊಂದಿ ಕಪ್ಪೆಗಳಾಗಲೂ ಇಲ್ಲ. ೧೯೨೦ರ ದಶಕದ ಆದಿಯಲ್ಲಿ ಎಡಿನ್‌ಬರೊ ನಗರದಲ್ಲಿ ಲ್ಯಾನ್ಸ್‌ಲಾಟ್ ಹಾಗ್‌ಬೆನ್ ಮತ್ತು ಫ್ರಾಂಕ್ ವಿಂಟನ್ ಎಂಬವರು ಬೆಳೆದ ಕಪ್ಪೆಗಳನ್ನು ಪರೀಕ್ಷಿಸಿದರು. ಪಿಟ್ಯುಟರಿಯನ್ನು ಕಳೆದುಕೊಂಡ ಕಪ್ಪೆ ಬಿಳಿಚಿತು. ಪಿಟ್ಯುಟರಿಯ ರಸವನ್ನು ಚುಚ್ಚಿದರೆ ಮತ್ತೆ ಕಪ್ಪಾಯಿತು. ಹೀಗೆ ಕಪ್ಪಾಗಿಸುವ ವಸ್ತು ಪಿಟ್ಯುಟರಿಯಿಂದ ರಕ್ತಕ್ಕೆ ಸೇರುತ್ತದೆಂಬುದು ಸಿದ್ಧವಾಯಿತು. ಇಂದು ನಾವು ಅದನ್ನು ಎಂಎಸ್‌ಎಚ್ ಎನ್ನುತ್ತೇವೆ. ಅದು ೧೩ ಅಮೈನೊ ಆಮ್ಲಗಳ ಒಂದು ಚಿಕ್ಕ ಸರಪಳಿ.

ಇಲ್ಲಿಯವರೆಗೆ ಕಥೆ ಸುಗಮ. ಕಪ್ಪಾಗಲು ಎಂಎಸ್‌ಎಚ್ ಬೇಕು. ಹಾಗಾದರೆ ಬಿಳಿಚಿಕೊಳ್ಳಲು ಏನು ಬೇಕು? ಹಾಗ್‌ಬೆನ್ ಮತ್ತು ಡೇವಿಡ್ ಸ್ಲೋಮ್ ೧೯೩೧ರಲ್ಲಿ ಕ್ಸೆನೋಪಸ್ ಕಪ್ಪೆಯನ್ನು ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಹಾರ್ಮೋನುಗಳಿರಬೇಕೆಂದು ವಾದಿಸಿದರು: ಕಪ್ಪಾಗಿಸುವುದೊಂದು, ಬಿಳಿಚಿಸುವುದೊಂದು. ಅವರು ಚಾತುರ್ಯವುಳ್ಳ ಪ್ರಯೋಗಕಾರರು. ಅವರ ಕೆಲಸದಿಂದ ಈ ವಿಷಯಕ್ಕೆ ಆದ ಲಾಭ ಅಪಾರ. ಆದರೂ ಮನುಷ್ಯನ ಬುದ್ಧಿಯ ಸಹಜವಾದ ಒಲವು ಇಲ್ಲಿ ಕಾಣುತ್ತದೆ. ಬಲಕ್ಕೆ ಚಲಿಸಲು ಒಂದು ನೂಕು, ಎಡಕ್ಕೆ ಚಲಿಸಲು ಇನ್ನೊಂದು ನೂಕು. ಒಂದೇ ನೂಕನ್ನು ಬಿಗಿಹಿಡಿಯುವುದು ಮತ್ತು ಸಡಿಲಬಿಡುವುದು ಎಂಬ ಮೂರನೆಯ ದಾರಿ ತಟ್ಟನೆ ಹೊಳೆಯುವುದಿಲ್ಲ. ನೆಲದ ಬಣ್ಣಕ್ಕೆ ಕಪ್ಪೆ ಹೊಂದಿಕೊಳ್ಳುವ ರೀತಿಯನ್ನು ವಿವರಿಸಲು ಪಿಟ್ಯುಟರಿಯಲ್ಲಿ ಆ ಎರಡನೆಯ ಹಾರ್ಮೋನನ್ನು ಊಹಿಸಿಕೊಳ್ಳುವ ಅಗತ್ಯ ಇಂದು ಉಳಿದಿಲ್ಲ.

ಇದೇಕೆಂದು ತಿಳಿಯಬೇಕಾದರೆ ಗ್ರಂಥಿಯ ರಚನೆಯನ್ನು ನೋಡಬೇಕು. ಕಪ್ಪೆಯ ಪಿಟ್ಯುಟರಿ ದೃಷ್ಟಿನರಗಳು ಒಂದನ್ನೊಂದು ಹಾಯುವ ಸ್ಥಳಕ್ಕೆ ತುಸು ಹಿಂದೆ, ಹೈಪೊಥಲಾಮಸ್ ಎಂಬ ಮಿದುಳಿನ ಭಾಗದ ಕೆಳಗೆ ಅಂಟಿಕೊಂಡಿದೆ. ಅದರಲ್ಲಿ ಮುಖ್ಯವಾಗಿ ಮೂರು ಹಾಲೆಗಳು. ನರಹಾಲೆ ಮಿದುಳಿನದೇ ಮುಂದುವರಿಕೆ. ಅದಕ್ಕೆ ತಾಗಿದ್ದು ನಡುಹಾಲೆ. ಎಂಎಸ್‌ಎಚ್ ತಯಾರಾಗುವುದು ಇಲ್ಲಿ. ಮೂರನೆಯದು ದೂರಹಾಲೆ, ಮನುಷ್ಯನಲ್ಲಿ ಇದನ್ನು ಮುಂಹಾಲೆ ಎನ್ನುತ್ತಾರೆ. ಈ ದೂರಹಾಲೆಗೂ ನಡುಹಾಲೆಗೂ ಇರುವ ಒಂದು ವ್ಯತ್ಯಾಸ ಬಹಳ ಸ್ವಾರಸ್ಯವಾದುದು. ದೂರಹಾಲೆಯಲ್ಲಿ ನರತಂತುಗಳು ಅತ್ಯಲ್ಪ. ಮಿದುಳಿನ ಸಂದೇಶ ಅಲ್ಲಿಗೆ ಸಣ್ಣ ರಕ್ತನಾಳಗಳ ಮೂಲಕ ರಾಸಾಯನಿಕ ರೂಪದಲ್ಲಿ ತೇಲಿಬರುತ್ತದೆ. ಈ ನಾಳಗಳಲ್ಲಿ ರಕ್ತವು ಮಿದುಳಿನಿಂದ ಗ್ರಂಥಿಯ ಕಡೆಗೆ ಹರಿಯುವುದನ್ನು ಅರ್ಜೆಂಟೀನದ ಬರ್ನಾರ್ಡೊ ಹೌಸೆ ಮತ್ತು ಅವರ ಸಂಗಡಿಗರು ೧೯೩೫ರಲ್ಲಿ ಜೀವಂತ ನೆಲಗಪ್ಪೆಯಲ್ಲಿ ಕಣ್ಣಾರೆ ಕಂಡರು. ನಡುಹಾಲೆಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಅಲ್ಲಿ ರಕ್ತನಾಳಗಳು ವಿರಳ, ನರತಂತುಗಳು ಹೇರಳ. ಒಂದು ಹಾಲೆಗೆ ಕಾಲುವೆಯ ಸಂಪರ್ಕ, ಇನ್ನೊಂದಕ್ಕೆ ತಂತಿಯ ಸಂಪರ್ಕ ಎನ್ನಬಹುದು.

ಇಷ್ಟೊಂದು ನರಗಳು ನಡುಹಾಲೆಗೆ ಏಕೆ ಬರುತ್ತವೆ? ವಿದ್ಯಾರ್ಥಿಗಳು ಮುಂದೆ ಓದುವ ಮೊದಲು ಕ್ಷಣಕಾಲ ನಿಂತು ತಾವೇ ಉತ್ತರಿಸಲಿ. ಪಠ್ಯಪುಸ್ತಕದ ಬಾಣಗಳನ್ನು ನಂಬಿದವರು, ಎಂಎಸ್‌ಎಚ್ ಸ್ರವಿಸುವಂತೆ ಆಜ್ಞಾಪಿಸಲು ಎಂದಾರು. ಹಾಗಿದ್ದರೆ ನರದ ಸಂಪರ್ಕವನ್ನು ಕಡಿದಾಗ ಆಜ್ಞೆ ತಪ್ಪಿ, ಸ್ರಾವ ನಿಂತು, ಪ್ರಾಣಿ ಬಿಳಿಚಬೇಕು. ಅಮೆರಿಕದ ವಿಲಿಯಂ ಎಟ್ಕಿನ್ ೧೯೪೧ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದಕ್ಕೆ ವಿರುದ್ಧವಾದುದು ಕಂಡುಬಂತು. ಹೈಪೊಥಲಾಮಸ್ಸಿನ ಸಂಬಂಧ ತಪ್ಪಿದ ನಡುಹಾಲೆ ಸುಮ್ಮನಾಗಲಿಲ್ಲ. ಅದು ಬೆಳೆದು ದೊಡ್ಡದಾಯಿತು, ಎಡೆಬಿಡದೆ ಸ್ರವಿಸಿತು. ಗೊದಮೊಟ್ಟೆ ಕಡುಗಪ್ಪಾಯಿತು. ಅಂದರೆ ನಡುಹಾಲೆ ತನ್ನಷ್ಟಕ್ಕೆ ತಾನೇ ದುಡಿಯುವ ಸ್ವಭಾವದ್ದು. ಮಿದುಳಿನಿಂದ ಬರುವ ನರಗಳ ಮುಖ್ಯ ಕಾರ್ಯ ಅದನ್ನು ಹಿಡಿದು ನಿಲ್ಲಿಸುವುದು. ಬಿಳಿಯ ನೆಲದ ಮೇಲೆ ಕಡಿವಾಣ ಬಿಗಿಯಾಗುತ್ತದೆ, ಕಪ್ಪೆ ಬಿಳಿಚುತ್ತದೆ. ಕರಿಯ ನೆಲದ ಮೇಲೆ ಕಡಿವಾಣ ಸಡಿಲುತ್ತದೆ, ಕಪ್ಪೆ ಕಪ್ಪಾಗುತ್ತದೆ. ಒಂದೇ ಹಾರ್ಮೋನಿನಿಂದ ಎರಡು ಬಣ್ಣಗಳೂ ಸಾಧ್ಯವಾದುವು.

ಯಂತ್ರಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ವಿಚಿತ್ರವೇನೂ ಇಲ್ಲ. ಆಗುಂಬೆಯ ಘಟ್ಟವನ್ನು ಇಳಿಯುವ ಬಸ್ಸಿಗೆ ಎಂಜಿನಿನ ನೂಕು ಬೇಡ. ಗುರುತ್ವವೇ ಅದನ್ನು ಎಳೆದೊಯ್ಯುತ್ತದೆ. ಚಾಲಕನ ಜಾಣತನವೆಲ್ಲ ಬ್ರೇಕಿನಲ್ಲಿದೆ. ವೇಗ ಕಡಿಮೆ ಮಾಡಲು ಒತ್ತುತ್ತಾನೆ, ಹೆಚ್ಚಿಸಲು ಬಿಡುತ್ತಾನೆ. ತನ್ನಷ್ಟಕ್ಕೆ ಚಲಿಸುವ ವಸ್ತುವನ್ನು ಒಂದು ತಡೆಯಿಂದಲೇ ಬೇಕಾದ ವೇಗಕ್ಕೆ ತರಬಹುದೆಂಬುದು ಎಲ್ಲ ಚಾಲಕರಿಗೂ ತಿಳಿದ ಸಂಗತಿ. ದೇಹದ ವಿಷಯದಲ್ಲಿ ಮಾತ್ರ ನಾವು ಬ್ರೇಕಿನ ಮೇಲಿನ ಕಾಲನ್ನು ಕಾಣುವುದಿಲ್ಲ.

ಈ ಕುರುಡಿಗೆ ಭಾಷೆಯೂ ತಕ್ಕಮಟ್ಟಿಗೆ ಕಾರಣ. ಹಾರ್ಮೋನ್ ಎಂಬ ಪದವನ್ನು ೧೯೦೫ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್. ಅದರ ಗ್ರೀಕ್ ಮೂಲದ ಅರ್ಥ ಹುರಿದುಂಬಿಸುವುದು, ಚಲನೆಗೆ ತೊಡಗಿಸುವುದು. ಕನ್ನಡದಲ್ಲಿ ಅದಕ್ಕೆ ಚೋದಕವೆಂಬ ಹೆಸರು ಬಳಕೆಗೆ ಬಂದಾಗಲೂ ಅರ್ಥ ಅದೇ ಉಳಿಯಿತು. ತಡೆಯುವ ಸ್ರಾವಗಳಿಗೆ ಬೇರೆ ಹೆಸರು ಇರಲೆಂದು ಎಡ್ವರ್ಡ್ ಶಾರ್ಪೆ-ಶೇಫರ್ ಎಂಬ ಶರೀರಶಾಸ್ತ್ರಜ್ಞರು ಸಡಿಲಿಸುವುದು ಎಂಬರ್ಥದ ಗ್ರೀಕ್ ಧಾತುವಿನಿಂದ ಕ್ಯಾಲೋನ್ ಎಂಬ ಪದವನ್ನು ಸೂಚಿಸಿದರು. ಆ ಪದ ಜನರ ಬಾಯಲ್ಲಿ ನಿಲ್ಲಲಿಲ್ಲ. ನೂಕುವುದಕ್ಕೆ ಹೆಸರಿದೆ, ತಡೆಯುವುದಕ್ಕೆ ಹೆಸರಿಲ್ಲವೆಂದಾಗ ಮನಸ್ಸೂ ನೂಕುವುದನ್ನೇ ಹುಡುಕುತ್ತದೆ.

ನರವು ತಡೆಯಬಲ್ಲದೆಂಬುದು ಹೊಸ ಸುದ್ದಿಯೇನೂ ಆಗಿರಲಿಲ್ಲ. ೧೮೪೫ರಲ್ಲಿಯೇ ಜರ್ಮನಿಯ ವೇಬರ್ ಸಹೋದರರು, ವೇಗಸ್ ನರವನ್ನು ವಿದ್ಯುತ್ತಿನಿಂದ ಕೆರಳಿಸಿದರೆ ಹೃದಯದ ಬಡಿತ ನಿಧಾನವಾಗಿ ನಿಂತೇಹೋಗುತ್ತದೆಂದು ತೋರಿಸಿದ್ದರು. ಅವರ ಪ್ರಯೋಗಕ್ಕೂ ಕಪ್ಪೆಯೇ ಒದಗಿತ್ತು. ನರವನ್ನು ಕೆರಳಿಸಿದರೆ ಅಂಗ ಕೆರಳಬೇಕೆಂದು ನಂಬಿದ್ದ ಆ ಕಾಲಕ್ಕೆ ಅದೊಂದು ಬೆರಗು. ಆದರೂ ಮುಂದಿನ ನೂರು ವರ್ಷಗಳಲ್ಲಿ ಪ್ರತಿಯೊಂದು ಅಂಗದ ವಿಷಯದಲ್ಲಿಯೂ ಈ ಪಾಠವನ್ನು ಹೊಸದಾಗಿ ಕಲಿಯಬೇಕಾಯಿತು.

ನಡುಹಾಲೆಯ ಕಡಿವಾಣ ಯಾವ ದ್ರವ್ಯದಿಂದಾದುದು? ಇದನ್ನು ಪತ್ತೆಮಾಡಲು ಬೆಳಕೇ ನೆರವಾಯಿತು. ಸ್ವೀಡನ್ನಿನ ಬೆಂಗ್ಟ್ ಫಾಲ್ಕ್ ಮತ್ತು ನಿಲ್ಸ್-ಓಕೆ ಹಿಲ್ಲಾರ್ಪ್ ೧೯೬೨ರ ಸುಮಾರಿಗೆ ಒಂದು ಸೊಗಸಾದ ವಿಧಾನವನ್ನು ರೂಪಿಸಿದರು. ಹೆಪ್ಪುಗಟ್ಟಿಸಿ ಒಣಗಿಸಿದ ಅಂಗಾಂಶವನ್ನು ಫಾರ್ಮಾಲ್ಡಿಹೈಡ್ ಆವಿಗೆ ಒಡ್ಡಿದರೆ, ನರತಂತುವಿನೊಳಗಿರುವ ಡೋಪಮಿನ್, ನಾರ್‌ಅಡ್ರಿನಲಿನ್ ಮುಂತಾದ ವಸ್ತುಗಳು ಪ್ರತಿದೀಪ್ತಿಯುಳ್ಳ ಸಂಯುಕ್ತಗಳಾಗುತ್ತವೆ. ಕಣ್ಣಿಗೆ ಕಾಣದ ಅತಿನೇರಳೆ ಅಥವಾ ನೇರಳೆಯಂಚಿನ ಬೆಳಕನ್ನು ಹೀರಿ ಅವು ಹಸಿರು ಬೆಳಕನ್ನು ಹೊರಸೂಸುತ್ತವೆ. ಹೀರಿದ ಶಕ್ತಿಯ ಒಂದಂಶ ಅಣುವಿನಲ್ಲೇ ಕರಗುವುದರಿಂದ ಹೊರಬರುವ ಬೆಳಕಿನ ತರಂಗಾಂತರ ಹೆಚ್ಚು ಉದ್ದವಾಗಿರುತ್ತದೆ. ಈ ವಿಧಾನವನ್ನು ಬಳಸಿ ಆಂಡರ್ಸ್ ಎನೆಮಾರ್ ಮತ್ತು ಫಾಲ್ಕ್ ೧೯೬೫ರಲ್ಲಿ ಯೂರೋಪಿನ ಸಾಮಾನ್ಯ ಕಪ್ಪೆಯ ನಡುಹಾಲೆಯಲ್ಲಿ ಇಂಥ ನರತಂತುಗಳಿರುವುದನ್ನು ವರದಿಮಾಡಿದರು. ನಡುಹಾಲೆಯನ್ನು ತಡೆಹಿಡಿಯುವ ಪ್ರಮುಖ ವಸ್ತು ಡೋಪಮಿನ್ ಎಂಬುದು ಮುಂದೆ ಖಚಿತವಾಯಿತು.

ಡೋಪಮಿನ್ ಎಂಬ ಹೆಸರನ್ನು ಓದುಗರು ಬೇರೆ ಸಂದರ್ಭದಲ್ಲಿ ಕೇಳಿರಬೇಕು. ಇಂದಿನ ಪತ್ರಿಕೆಗಳಲ್ಲಿಯೂ ದೂರವಾಣಿಯ ಪರದೆಯ ಮೇಲೂ ಅದನ್ನು ಸಂತೋಷದ ರಾಸಾಯನಿಕವೆಂದು ಬಣ್ಣಿಸುತ್ತಾರೆ. ಸಿಹಿ ತಿಂದರೆ ಡೋಪಮಿನ್, ಆಟ ಗೆದ್ದರೆ ಡೋಪಮಿನ್. ಆದರೆ ಕಪ್ಪೆಯ ನಡುಹಾಲೆಯಲ್ಲಿ ಅದೇ ಅಣು ಹೇಳುವುದು ಒಂದೇ ಮಾತು: ಸಾಕು, ನಿಲ್ಲಿಸು. ಅಣುವಿಗೆ ಸ್ವಂತ ಅರ್ಥವೆಂಬುದಿಲ್ಲ. ಯಾವ ಕೋಶ ಅದನ್ನು ಸ್ವೀಕರಿಸುತ್ತದೆ, ಸ್ವೀಕರಿಸಿ ಏನು ಮಾಡುತ್ತದೆ ಎಂಬುದರಲ್ಲಿ ಅರ್ಥವಿದೆ. ಥೈರಾಯ್ಡ್ ಕ್ರಿಯೆಯ ಸಂಬಂಧದಿಂದ ಸ್ತನಿಗಳಲ್ಲಿ ಹೆಸರು ಪಡೆದ ಟಿಆರ್‌ಎಚ್ ಎಂಬ ವಸ್ತು ಕಪ್ಪೆಯಲ್ಲಿ ಎಂಎಸ್‌ಎಚ್ ಸ್ರಾವವನ್ನು ಹೆಚ್ಚಿಸುತ್ತದೆ. ಹೆಸರನ್ನು ನಂಬಿ ಕಾರ್ಯವನ್ನು ಊಹಿಸುವವರು ಇಲ್ಲಿಯೂ ಎಡವುತ್ತಾರೆ.

ಹಾಲೆಂಡಿನ ನೈಮೇಖನ್ ನಗರದಲ್ಲಿ ಬ್ರೂಸ್ ಜೆಂಕ್ಸ್, ಎರಿಕ್ ರೂಬಾಸ್ ಮೊದಲಾದವರು ಕ್ಸೆನೋಪಸ್ ಕಪ್ಪೆಯಲ್ಲಿ ಈ ಮಾರ್ಗವನ್ನು ಹಲವು ವರ್ಷಗಳ ಕಾಲ ಶೋಧಿಸಿದರು. ದೃಷ್ಟಿನರಗಳು ಹಾಯುವ ಸ್ಥಳದ ಮೇಲ್ಗಡೆಯೇ ತಡೆಯುವ ನರಕೋಶಗಳ ಒಂದು ಗುಂಪಿದೆ. ಕಣ್ಣಿನಿಂದ ಬಂದ ಸುದ್ದಿಯನ್ನು ಪಡೆದು ಅವು ತಮ್ಮ ತಂತುಗಳನ್ನು ನಡುಹಾಲೆಗೆ ಚಾಚಿವೆ. ಅವುಗಳ ತುದಿಗಳಲ್ಲಿ ಡೋಪಮಿನ್ ಒಂದೇ ಅಲ್ಲ, ಗಾಬಾ ಮತ್ತು ಎನ್‌ಪಿವೈ ಎಂಬ ಇನ್ನೆರಡು ತಡೆವಸ್ತುಗಳೂ ಜೊತೆಗೂಡಿವೆ. ಬಿಳಿಯ ನೆಲದ ಮೇಲೆ ಬಾಳುವ ಕಪ್ಪೆಯಲ್ಲಿ ಈ ತುದಿಗಳು ದೊಡ್ಡವಾಗುತ್ತವೆ. ಕರಿಯ ನೆಲದ ಮೇಲೆ ಕುಗ್ಗುತ್ತವೆ. ಅಂದರೆ ಕಡಿವಾಣವು ಕೆಲಸಕ್ಕೆ ತಕ್ಕಂತೆ ದಪ್ಪವಾಗುತ್ತದೆ, ತೆಳ್ಳಗಾಗುತ್ತದೆ. ನಾವು ತಂತಿಗೆ ಹೋಲಿಸಿದ ನರಕ್ಕೂ ಲೋಹದ ತಂತಿಗೂ ಇರುವ ಅಂತರ ಇದು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ನಡುಹಾಲೆಗೆ ಬರುವ ಸಂದೇಶಗಳೆಲ್ಲವೂ ತಡೆಗಳೇ ಎಂದು ತಿಳಿದರೆ ಒಂದು ಅರ್ಧಸತ್ಯದಿಂದ ಇನ್ನೊಂದಕ್ಕೆ ಜಿಗಿದಂತಾಗುತ್ತದೆ. ಟಿಆರ್‌ಎಚ್ ಮುಂತಾದ ಉತ್ತೇಜಕಗಳೂ ಅಲ್ಲಿಗೆ ತಲುಪುತ್ತವೆ. ಸಂಪರ್ಕವನ್ನು ಕಡಿದಾಗ ತಡೆ ಮತ್ತು ಉತ್ತೇಜನ ಎರಡೂ ಒಟ್ಟಿಗೆ ಕಳಚುತ್ತವೆ. ನಮಗೆ ಕಾಣುವುದು ಅವುಗಳ ವ್ಯತ್ಯಾಸ ಮಾತ್ರ. ತಕ್ಕಡಿಯ ಎರಡು ತಟ್ಟೆಗಳಿಂದಲೂ ತೂಕಗಳನ್ನು ತೆಗೆದಾಗ ಒಂದು ಕಡೆ ಮೇಲೆದ್ದರೆ, ಆ ಕಡೆಯ ತೂಕ ಹೆಚ್ಚಾಗಿತ್ತೆಂದು ಹೇಳಬಹುದು. ಇನ್ನೊಂದು ಕಡೆ ಬರಿದಾಗಿತ್ತೆಂದು ಹೇಳಲಾಗದು. ಈ ವಿವೇಚನೆಯನ್ನೇ ನಾನು ಆರಂಭದಲ್ಲಿ ಎಲ್ಲ ಶಾಸ್ತ್ರಗಳ ಸಮಾನ ಆಸ್ತಿಯೆಂದದ್ದು.

ಕಪ್ಪೆ ಕಪ್ಪಾದರೇನು, ಬಿಳಿಚಿದರೇನು, ಇದರಿಂದ ಮನುಷ್ಯನಿಗೆ ಬಂದ ಭಾಗ್ಯವೇನು ಎಂಬ ಪ್ರಶ್ನೆ ಬರುವುದುಂಟು. ಉತ್ತರ ಆಸ್ಪತ್ರೆಯಲ್ಲಿದೆ. ಬೆಳೆದ ಮನುಷ್ಯನಲ್ಲಿ ನಡುಹಾಲೆ ಕೇವಲ ಕುರುಹಾಗಿ ಉಳಿದಿದೆ. ಆದರೆ ಎದೆಹಾಲನ್ನು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ನಮ್ಮ ಪಿಟ್ಯುಟರಿಯ ಮುಂಹಾಲೆಯಿಂದ ಬರುತ್ತದೆ. ಅದನ್ನು ಹಿಡಿದಿಟ್ಟಿರುವುದೂ ಡೋಪಮಿನ್ನೇ. ಇಲ್ಲಿ ಅದು ನರದ ತುದಿಯಿಂದ ನೇರವಾಗಿ ತಲುಪದೆ ರಕ್ತನಾಳದ ದಾರಿಯಿಂದ ಬರುತ್ತದೆ, ಅಷ್ಟೇ. ಮಿದುಳಿಗೂ ಪಿಟ್ಯುಟರಿಗೂ ನಡುವಣ ತೊಟ್ಟನ್ನು ಯಾವುದಾದರೂ ಗೆಡ್ಡೆ ಅದುಮಿದರೆ, ಆ ಗ್ರಂಥಿಯ ಇತರ ಹಾರ್ಮೋನುಗಳು ಇಳಿಯಬಹುದು. ಪ್ರೊಲ್ಯಾಕ್ಟಿನ್ ಮಾತ್ರ ಏರುತ್ತದೆ. ಮಗುವಿಗೆ ಹಾಲೂಡಿಸದ ಹೆಂಗಸಿನಲ್ಲಿ ಹಾಲು ಒಸರಬಹುದು. ಎಟ್ಕಿನ್ನರ ಗೊದಮೊಟ್ಟೆ ಕಪ್ಪಾದುದೂ ಇದೇ ತರ್ಕದಿಂದ. ಮನೋರೋಗಕ್ಕೆ ಕೊಡುವ ಕೆಲವು ಔಷಧಗಳು ಡೋಪಮಿನ್ನಿನ ಕ್ರಿಯೆಗೆ ಅಡ್ಡಬರುವುದರಿಂದ ಅವುಗಳಿಂದಲೂ ಪ್ರೊಲ್ಯಾಕ್ಟಿನ್ ಏರಬಹುದು. ಹೀಗಿರಲು, ಹಾಲು ಹೆಚ್ಚಿದುದನ್ನು ಕಂಡು ಯಾವುದು ಇದನ್ನು ಹೆಚ್ಚಿಸಿತು ಎಂದಷ್ಟೇ ಕೇಳುವ ವೈದ್ಯ ತಪ್ಪು ಜಾಗದಲ್ಲಿ ಹುಡುಕುತ್ತಾನೆ. ಯಾವ ತಡೆ ತಪ್ಪಿಹೋಯಿತು ಎಂದೂ ಕೇಳುವ ವೈದ್ಯ ರೋಗಿಯನ್ನು ಉಳಿಸುತ್ತಾನೆ. ಪ್ರೊಲ್ಯಾಕ್ಟಿನ್ ಸ್ರವಿಸುವ ಗೆಡ್ಡೆಗಳಿಗೆ ಡೋಪಮಿನ್ನಿನಂತೆ ವರ್ತಿಸುವ ಬ್ರೋಮೊಕ್ರಿಪ್ಟಿನ್ ಮುಂತಾದ ಮದ್ದುಗಳನ್ನು ಕೊಡುವುದೂ ಈ ತಿಳಿವಳಿಕೆಯ ಫಲವೇ.

ಆರಂಭದ ವಿದ್ಯಾರ್ಥಿಗೆ ಮೊದಲು ಸರಳವಾದುದನ್ನೇ ಹೇಳಬೇಕು, ತಡೆಯ ವಿಚಾರ ಮುಂದಿನ ತರಗತಿಗಿರಲಿ ಎಂದು ಕೆಲವು ಅಧ್ಯಾಪಕ ಮಿತ್ರರು ಹೇಳಬಹುದು. ಇದನ್ನು ನಾನು ಒಪ್ಪಲಾರೆ. ತಡೆ ಎಂಬುದು ನೂಕಿಗಿಂತ ಕಠಿಣವಾದ ಭಾವನೆಯಲ್ಲ. ಗಾಲಿಗೆ ಕಲ್ಲನ್ನು ಒಡ್ಡುವ ಹುಡುಗನಿಗೂ ಅದು ಗೊತ್ತು. ಬಾಲ್ಯದಲ್ಲಿ ಒಂದೇ ಬಗೆಯ ಬಾಣವನ್ನು ಎಳೆಯಲು ಕಲಿತವನು ಮುಂದೆ ಇನ್ನೊಂದನ್ನು ಎಳೆಯುವುದೇ ಕಠಿಣ. ಆದ್ದರಿಂದ ಪಠ್ಯಪುಸ್ತಕದ ಪ್ರತಿಯೊಂದು ಚಿತ್ರದಲ್ಲಿಯೂ ಎರಡು ಬಗೆಯ ಗುರುತುಗಳಿರಲಿ: ಉತ್ತೇಜಿಸುವುದಕ್ಕೆ ಬಾಣ, ತಡೆಯುವುದಕ್ಕೆ ಅಡ್ಡಗೆರೆ. ಪರೀಕ್ಷೆಯಲ್ಲಿಯೂ, ಈ ಗ್ರಂಥಿಯ ಹೆಸರೇನು ಎಂಬ ಪ್ರಶ್ನೆಯ ಪಕ್ಕದಲ್ಲಿ, ಇದರ ನರವನ್ನು ಕಡಿದರೆ ಏನಾದೀತು, ಏಕೆ ಎಂಬ ಪ್ರಶ್ನೆಯೂ ಇರಲಿ. ಕಪ್ಪೆಯನ್ನು ಕೊಯ್ಯುವ ಪಾಠ ನಮ್ಮ ಶಾಲೆ ಕಾಲೇಜುಗಳಲ್ಲಿ ಬಹುಮಟ್ಟಿಗೆ ನಿಂತಿದೆ, ಅದು ಒಳ್ಳೆಯದೇ. ಆದರೆ ಕೊಯ್ದು ಹೆಸರು ಬರೆಯುತ್ತಿದ್ದವರು ಈಗ ಚಿತ್ರವನ್ನು ನೋಡಿ ಹೆಸರು ಬರೆಯುವುದಾದರೆ ಕಪ್ಪೆಗೆ ಲಾಭವಾಯಿತೇ ಹೊರತು ವಿದ್ಯಾರ್ಥಿಗೆ ಆಗಲಿಲ್ಲ.

ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹ ಇಷ್ಟೇ. ಜೀವಶಾಸ್ತ್ರವಾಗಲಿ, ಭೌತಶಾಸ್ತ್ರವಾಗಲಿ, ಯಾವುದಾದರೊಂದು ಕ್ರಿಯೆ ಹೆಚ್ಚಾದುದನ್ನು ಕಂಡಾಗ, ಇದನ್ನು ನೂಕಿದವರು ಯಾರು ಎಂದು ಕೇಳಿ. ಅದೇ ಉಸಿರಿನಲ್ಲಿ, ಇದನ್ನು ಹಿಡಿದಿದ್ದವರು ಯಾರು, ಅವರು ಕೈಬಿಟ್ಟರೇ ಎಂದೂ ಕೇಳಿ. ಮುಂದಿನ ಮಳೆಗಾಲದಲ್ಲಿ ಗೋಡೆಯ ಮೇಲೆ ಬಿಳಿಚಿಕೊಂಡು ಕುಳಿತ ಕಪ್ಪೆಯೊಂದು ಕಣ್ಣಿಗೆ ಬಿದ್ದರೆ ಅದನ್ನು ಮುಟ್ಟದೆ ದೂರದಿಂದ ನೋಡಿ. ಅದು ಜಡವಾಗಿ ಕುಳಿತಂತೆ ಕಾಣುತ್ತದೆ. ಒಳಗೆ ಅದರ ಮಿದುಳು ಕಡಿವಾಣವನ್ನು ಬಿಗಿಹಿಡಿದು ದುಡಿಯುತ್ತಲೇ ಇರಬಹುದು.